ಬೀಚ್ ಮರದ ಕೊರಳಪಟ್ಟಿ

ಗೇಟಿನ ಬೋರ್ಡು

ಮಾಗಡಿ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು ನಾನು. ಅಷ್ಟು ವರ್ಷದಲ್ಲಿ ಎರಡು ವಿಷಯಕ್ಕೆ ನನಗೆ ಹೆಸರಿತ್ತು. ಒಂದು, ನಾನು ಬಟವಾಡೆ ಮಾಡಿದ ಕಾಗದ ಒಂದೇ ಒಂದು ಸಲವೂ ತಪ್ಪು ಮನೆಗೆ ಹೋದದ್ದಿಲ್ಲ. ಇನ್ನೊಂದು, ಕಲ್ಯದಿಂದ ಹಿಡಿದು ಸಾವನದುರ್ಗದ ಬುಡದವರೆಗೆ ನನ್ನನ್ನು ಅಟ್ಟಿಸಿಕೊಂಡು ಬರದ ನಾಯಿ ಇರಲಿಲ್ಲ. ಖಾಕಿ ಕಂಡರೆ ಅವಕ್ಕೆ ಏನಾಗುತ್ತಿತ್ತೋ ಆ ರಂಗನಾಥಸ್ವಾಮಿಗೇ ಗೊತ್ತು. ಮೂರು ಸಲ ಕಚ್ಚಿಸಿಕೊಂಡಿದ್ದೇನೆ. ಮೊದಲನೇ ಸಲ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿದ್ದರು. ಆಮೇಲೆ ಸೈಕಲ್ ಹ್ಯಾಂಡಲಿಗೆ ಒಂದು ಹುಣಸೆ ಬರಲು ಸಿಕ್ಕಿಸಿಕೊಳ್ಳದೆ ನಾನು ಮನೆಯಿಂದ ಹೊರಟವನೇ ಅಲ್ಲ.

ಇಂಥವನು ಇಂಗ್ಲೆಂಡಿಗೆ ಹೋಗಿ ನಾಯಿ ತಿರುಗಿಸಿಕೊಂಡು ಬಂದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ತಪ್ಪದೆ ಬಟವಾಡೆ ಮಾಡುವವನು ಎಂಬ ನನ್ನ ಹೆಸರು ಹಾಳಾದದ್ದೂ ಅಲ್ಲೇ. ಅದನ್ನೂ ಬರೆಯುತ್ತೇನೆ, ಮುಚ್ಚಿಟ್ಟುಕೊಂಡು ಏನಾಗಬೇಕಾಗಿದೆ.

ನನ್ನ ತಂಗಿ ಸಾವಿತ್ರಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ ನರ್ಸು. ಮದುವೆ ಗಿದುವೆ ಬೇಡವೆಂದು ಹೋದವಳು ಅಲ್ಲೇ ಮನೆ ಮಾಡಿಕೊಂಡಿದ್ದಾಳೆ. ಆ ವರ್ಷ ಮೆಟ್ಟಿಲಿನ ಮೇಲೆ ಜಾರಿ ಪಾದದ ಹತ್ತಿರ ಮೂಳೆ ಮುರಿದುಕೊಂಡಳು. ಒಡಹುಟ್ಟಿದವಳು, ಬೇರೆ ದಿಕ್ಕಿಲ್ಲ ಅಂತ ನಾನು ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಹೋಗಿ ನೋಡಿದರೆ ಅಕ್ಕಪಕ್ಕದವರು ಸರದಿ ಹಾಕಿಕೊಂಡು ಅವಳಿಗೆ ಊಟ ತಂದುಕೊಡುತ್ತಿದ್ದಾರೆ. ಇವಳು ಎರಡು ಊರುಗೋಲಿನ ಮೇಲೆ ಅಡುಗೆಮನೆಯಲ್ಲಿ ಕುಪ್ಪಳಿಸುತ್ತಿದ್ದಾಳೆ.

"ನನ್ ಕಾಲ್ ಬುಡಣ್ಣಯ್ಯ, ತಾನಾಗೇ ಕೂಡ್ಕತದೆ. ಮುದ್ದೆನ ಒಸಿ ತಿರುಗಿಸ್ಕೊಂಡ್ ಬಾ. ನಾನ್ ಬಿದ್ದಾಗ್ಲಿಂದ ಅದು ಕಾಡಿನ್ ಮಕ ನೋಡಿಲ್ಲ" ಎಂದಳು.

ಮುದ್ದೆ ಅಂದರೆ ಅವಳ ನಾಯಿ. ರಾಗಿಮುದ್ದೆಯ ಬಣ್ಣ, ಹೆಚ್ಚುಕಡಿಮೆ ಮುದ್ದೆಯದೇ ಆಕಾರ.

"ನಾಯಿನಾ? ನಾನಾ? ನಿಂಗೇನ್ ತಲೆ ಕೆಟ್ಟೈತೇನಮ್ಮಿ?"

"ಪೋಸ್ಟಣ್ಣ ಆಗಿ ಅಷ್ಟ್ ವರ್ಸ ನಾಯ್ಗಳ್ ಜತೇಲೇ ತಿರುಗಿಲ್ವಾ?"

"ಜತೇಲಲ್ಲ ಕಣವ್ವ. ನಾನ್ ಮುಂದೆ, ಅವು ಹಿಂದೆ."

ಅವಳು ನಕ್ಕುಬಿಟ್ಟಳು. ಮುದ್ದೆ ಬಾಗಿಲ ಹತ್ತಿರ ಹೋಗಿ ಕೂತು ನನ್ನನ್ನೇ ನೋಡತೊಡಗಿತು. ಇಬ್ಬರೂ ಸೇರಿ ನನ್ನನ್ನು ಹೊರಡಿಸಿದರು.

ಊರಾಚೆ ಒಂದು ಬೆಟ್ಟದ ಇಳಿಜಾರು, ಅದರ ತುಂಬ ಕಾಡು. ಕಾಡಿನೊಳಗೆ ನಡೆಯಲೆಂದೇ ಮಾಡಿದ ದಾರಿ. ಶುರುವಿನಲ್ಲಿ ಮರದ ಗೇಟು, ಗೇಟಿನ ಪಕ್ಕದಲ್ಲಿ ಒಂದು ಬೋರ್ಡು. ಕನ್ನಡಕ ಏರಿಸಿ ಓದಿದೆ. 'ನಾಯಿಗಳಿಗೆ ಸ್ವಾಗತ' ಎಂದು ಬರೆದಿತ್ತು. 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡನ್ನು ನಾನು ಲೆಕ್ಕವಿಲ್ಲದಷ್ಟು ಗೇಟುಗಳ ಮೇಲೆ ನೋಡಿದ್ದೇನೆ. ಇಂಥದ್ದನ್ನು ನೋಡಿದ್ದು ಇದೇ ಮೊದಲು. ಅದರ ಕೆಳಗೆ ಒಂದು ಬೋಗುಣಿಯಲ್ಲಿ ತಣ್ಣನೆಯ ನೀರು. ಮನುಷ್ಯರಿಗೆ ಕುಡಿಯಲು ಎಲ್ಲಿಟ್ಟಿದ್ದಾರೆ ಎಂದು ಸುತ್ತ ಹುಡುಕಿದೆ, ಎಲ್ಲೂ ಇರಲಿಲ್ಲ. ಮುದ್ದೆ ಗಟಗಟ ಕುಡಿದು ನನ್ನ ಪ್ಯಾಂಟಿಗೆ ಮೂತಿ ಒರೆಸಿಕೊಂಡಿತು.

ಮೊದಲ ತಿರುವು

ಸಾವನದುರ್ಗದ ಕಾಡಿಗೆ ನಾಯಿ ಕರೆದುಕೊಂಡು ಹೋದರೆ ಅದನ್ನು ಚಿರತೆಯ ಊಟಕ್ಕೆ ಕರೆದುಕೊಂಡು ಹೋದಂತೆಯೇ. ಹೊರಡುವ ಮುಂಚೆ ಸಾವಿತ್ರಿಯನ್ನು ಕೇಳಿದ್ದೆ, "ಅಲ್ಲಿ ಚಿರತೆ ಗಿರತೆ ಇಲ್ಲ ತಾನೆ?" ಅಂತ. "ಅಳಿಲೈತೆ, ಉಷಾರು" ಎಂದಿದ್ದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಮೊದಲ ತಿರುವಿನಲ್ಲೇ ಬೂದು ಬಣ್ಣದ ಒಂದು ಅಳಿಲು ಅಡ್ಡ ಓಡಿತು. ಮುದ್ದೆ ಹಾರಿತು. ಅದರ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದ ನಾನೂ ಹಾರಿದೆ. ಸಾವಿತ್ರಿ ಕೊಟ್ಟ ಮೊಣಕಾಲುದ್ದದ ರಬ್ಬರ್ ಬೂಟು ಕೆಸರಿನಲ್ಲೇ ನಿಂತಿತು, ನಾನು ಅದರಿಂದಾಚೆ ಬೋರಲು ಬಿದ್ದೆ. ಕೆಂಪು ಟೋಪಿಯ ಒಬ್ಬ ಹೆಂಗಸು ಓಡಿ ಬಂದರು. ಅಯ್ಯೋ ಪಾಪ ಅಂತ ನನ್ನನ್ನು ಎತ್ತುತ್ತಾರೆ ಎಂದು ಕೈ ಚಾಚಿದರೆ, ಅವರು ಮುದ್ದೆಯ ಮುಂದೆ ಕುಕ್ಕರಗಾಲಲ್ಲಿ ಕೂತು "ಏನಾಯ್ತು ಚಿನ್ನ, ನೋವಾಯ್ತಾ?" ಎಂದು ಅದರ ಗಲ್ಲ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ನೀವೂ ಸರಿಯಿದ್ದೀರಿ ತಾನೆ ಎಂದು ಕೇಳಿದರು. ನನಗೆ ಕೋಪ ಬರಬೇಕಿತ್ತು, ನಗು ಬಂತು.

ಅವರಿಗೂ ಒಂದು ನಾಯಿ. ಅದು ದಾರಿಯ ಪಕ್ಕ ಕೂತು ತನ್ನ ಕೆಲಸ ಮುಗಿಸಿತು. ಒಳ್ಳೆ ಮನೆತನದವರ ಥರ ಕಾಣುವ ಆ ಹೆಂಗಸು ಜೇಬಿನಿಂದ ಒಂದು ಪುಟ್ಟ ಕವರು ತೆಗೆದು, ಅದರೊಳಗೆ ಕೈ ಹಾಕಿ, ಅದನ್ನು ಎತ್ತಿ, ಗಂಟು ಕಟ್ಟಿ, ಕೈಯಲ್ಲಿ ತೂಗಿಸಿಕೊಂಡು ಏನೋ ಗುನುಗುತ್ತ ಹೊರಟೇ ಹೋದರು. ನಾನು ಬೆಪ್ಪಾಗಿ ನಿಂತೆ. ಇನ್ನು ಹತ್ತು ಹೆಜ್ಜೆ ಹೋಗುವುದರೊಳಗೆ ಮುದ್ದೆಯೂ ಕೂತಿತು, ನನ್ನ ಸರದಿ ಬಂತು. ಸಾವಿತ್ರಿ ಕೊಟ್ಟಿದ್ದ ಕವರಿನಲ್ಲಿ ಕಣ್ಣು ಮುಚ್ಚಿಕೊಂಡು ಎತ್ತಿದೆ. ನಮ್ಮಪ್ಪ ಬದುಕಿದ್ದು ನೋಡಿದ್ದರೆ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಬೇಕು, ಆ ದಾರಿಯಲ್ಲಿ ದಿನಾ ಅಷ್ಟೊಂದು ನಾಯಿ ಓಡಾಡಿದರೂ ಒಂದು ದಿನವೂ ನನ್ನ ಬೂಟಿಗೆ ಹೊಲಸು ಮೆತ್ತಿಕೊಂಡಿಲ್ಲ.

ದಿನ ಕಳೆದಂತೆ ನನಗೆ ಆ ಜನರ ರೀತಿ ಹಿಡಿಸತೊಡಗಿತು. ಬೇಲಿ ದಾಟಲು ಮನುಷ್ಯರಿಗೆ ಎರಡು ಹಲಗೆ ಮೆಟ್ಟಿಲು ಮಾಡಿದ್ದರೆ, ಅದರ ಪಕ್ಕದಲ್ಲೇ ನಾಯಿಗೆಂದು ಮೇಲೆತ್ತುವ ಪುಟ್ಟ ಬಾಗಿಲು. ಹಕ್ಕಿ ಮೊಟ್ಟೆಯಿಡುವ ಜಾಗದಲ್ಲಿ ಹಗ್ಗ ಬಿಡಬೇಡಿ ಎಂದು ಬರೆದಿದ್ದರೆ ಯಾರೂ ಬಿಡುತ್ತಿರಲಿಲ್ಲ, ಯಾರೂ ನೋಡದಿದ್ದಾಗಲೂ. ಎದುರು ಬಂದವರೆಲ್ಲ ನಿಂತು ಮಾತಾಡುತ್ತಿದ್ದರು. ಮೊದಲು ಕೇಳುವುದು ನಾಯಿಯ ಹೆಸರು, ಆಮೇಲೆ ಅದರ ವಯಸ್ಸು, ಆಮೇಲೆ ಮಳೆಯ ವಿಚಾರ. ಒಂದು ವಾರದಲ್ಲಿ ಇಡೀ ದಾರಿಗೆ ಮುದ್ದೆಯ ಹೆಸರು ಗೊತ್ತಾಯಿತು. "ಮುಡ್ಡೇ, ಮುಡ್ಡೇ" ಎಂದು ದೂರದಿಂದಲೇ ಕೂಗುತ್ತಿದ್ದರು. ನನ್ನ ಹೆಸರು ಒಬ್ಬರೂ ಕೇಳಲಿಲ್ಲ. ಅದೇನೂ ನನಗೆ ಹೊಸದಲ್ಲ, ಕಲ್ಯದಲ್ಲೂ ನಾನು ಬರೀ ಪೋಸ್ಟಣ್ಣ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ನಾಯಿಗಳ ಕೊರಳಪಟ್ಟಿ. ಪ್ರತಿಯೊಂದಕ್ಕೂ ಒಂದು ಬಿಲ್ಲೆ. ಅದರ ಮೇಲೆ ಯಜಮಾನರ ಹೆಸರು, ಮನೆ ನಂಬರು, ಬೀದಿ, ಎಲ್ಲ ಇರುತ್ತದೆ. ಮುದ್ದೆಗೆ ಎರಡು ಬಿಲ್ಲೆ, ನಡೆದರೆ ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿತ್ತು. ಸರಿಯಾದ ವಿಳಾಸ ಬರೆಯದ ಮನುಷ್ಯರನ್ನು ಜೀವಮಾನವಿಡೀ ಬೈದುಕೊಂಡವನಿಗೆ ವಿಳಾಸ ಕಟ್ಟಿಕೊಂಡು ತಿರುಗುವ ನಾಯಿಗಳನ್ನು ಕಂಡು ಎಷ್ಟು ಸಂತೋಷವಾಗಿರಬೇಡ!

ಬೀಚ್ ಮರ

ಇನ್ನೊಂದು ಪದ್ಧತಿ ಮಾತ್ರ ನನಗೆ ಅರ್ಥವಾಗಲಿಲ್ಲ. ಯಾರದೋ ಕೈಗವಸು ದಾರಿಯಲ್ಲಿ ಬಿದ್ದಿರುತ್ತದೆ ಅನ್ನಿ. ಸಿಕ್ಕಿದವರು ಅದನ್ನು ಕೆಸರು ಕೊಡವಿ ಹತ್ತಿರದ ಬೇಲಿಗೂಟಕ್ಕೆ ತೊಡಿಸಿ ಹೋಗುತ್ತಾರೆ. ಹೀಗೆ ಆ ದಾರಿಯುದ್ದಕ್ಕೂ ಗೂಟದ ಮೇಲೆ ಒಂದು ಉಲ್ಲನ್ ಗವಸು, ಕೊಂಬೆಯ ಮೇಲೆ ಮಗುವಿನ ಒಂಟಿ ಶೂ, ಬೇಲಿಯ ಮೇಲೆ ಒಂದು ಟೋಪಿ. ಕದ್ದುಕೊಂಡು ಹೋಗುವವರಿಲ್ಲ, ಸರಿ, ಮೆಚ್ಚಿದೆ. ಆದರೆ ಎತ್ತಿಟ್ಟವರು ಅರ್ಧ ಕೆಲಸ ಮಾಡಿ ಬಿಟ್ಟಿದ್ದಾರಲ್ಲ ಅನ್ನಿಸಿತು. ವಾರಸುದಾರರಿಗೆ ತಲುಪಿಸದೆ ಗೂಟಕ್ಕೆ ನೇತುಹಾಕಿದರೆ ಅದು ಬಟವಾಡೆ ಹೇಗಾಗುತ್ತದೆ? ದಿನಾ ನೋಡಿ ನೋಡಿ ನನ್ನ ಕೈ ಕಡಿಯತೊಡಗಿತು. ಎರಡನೇ ವಾರ ಒಂದು ದಿನ ಚೀಲ ತಗೊಂಡು ಹೋಗಿ ಮೂರನ್ನೂ ಎತ್ತಿ ಹಾಕಿಕೊಂಡೆ. ಯಾರಾದರೂ ಕೇಳಿದರೆ ಕೊಡೋಣ ಅಂತ.

ಅದೇ ದಿನ ಮೇಲಿನ ತಿರುವಿಗೆ ಹೋದೆ. ಅಲ್ಲಿವರೆಗೆ ಹೋದದ್ದು ಅದೇ ಮೊದಲು. ಬೀಚ್ ಎಂಬ ಮರಗಳು, ನುಣುಪಾದ ಬೂದು ಕಾಂಡ, ಆಗಷ್ಟೇ ಚಿಗುರಿದ ಎಲೆ. ಮರಗಳ ಕೆಳಗೆ ಕಣ್ಣು ಹಾಯುವಷ್ಟು ದೂರ ನೀಲಿ ಹೂವು, ಬ್ಲೂಬೆಲ್ ಅನ್ನುತ್ತಾರೆ. ನಮ್ಮ ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಹೊಲಕ್ಕೆ ಹೊಲವೇ ಹಳದಿಯಾಗುತ್ತದಲ್ಲ, ಹಾಗೆ ಅಲ್ಲಿ ನೆಲವೇ ನೀಲಿ. ಒಂದು ಗಿಡವನ್ನೂ ಯಾರೂ ತುಳಿದಿರಲಿಲ್ಲ. ಮುದ್ದೆ ಕೂಡ ಸುಮ್ಮನೆ ನಿಂತಿತು. ಅಷ್ಟು ಚೆಲುವಾದ ಜಾಗವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಆ ಮರಗಳಲ್ಲಿ ಒಂದಕ್ಕೆ ಬುಡದಲ್ಲೇ ಎರಡು ಕವಲು. ಎಡಗವಲಿನ ಒಂದು ಕೊಂಬೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಒಂದು ಕೊರಳಪಟ್ಟಿ ಇತ್ತು. ಹಳೆಯ ಚರ್ಮದ್ದು, ಕೊಂಬೆಯ ಸುತ್ತ ಬಳಸಿ ಬಕ್ಕಲ್ ಹಾಕಿದ್ದರು. ಎಷ್ಟು ಜೋಪಾನವಾಗಿ ಕಟ್ಟಿದ್ದಾರೆ, ಬೀಳಬಾರದು ಅಂತ, ಎಂದು ಸಿಕ್ಕಿದವರ ಪ್ರಾಮಾಣಿಕತೆಯನ್ನು ಮನಸ್ಸಿನಲ್ಲೇ ಹೊಗಳಿದೆ. ಬಿಲ್ಲೆ ತಿರುಗಿಸಿ ನೋಡಿದೆ. ಒಂದು ಕಡೆ 'ನೆಲ್' ಎಂಬ ಹೆಸರು, ಇನ್ನೊಂದು ಕಡೆ ಮನೆ ನಂಬರು, ಬೀದಿ. ಸಾವಿತ್ರಿಯ ಮನೆಗೆ ಹೋಗುವ ದಾರಿಯಲ್ಲೇ ಸಿಗುವ ಬೀದಿ!

ಪೂರ್ತಿ ವಿಳಾಸ ಇರುವ ವಸ್ತುವನ್ನು ಮರದ ಮೇಲೆ ಬಿಟ್ಟು ಬರುವ ಆಸಾಮಿ ನಾನಲ್ಲ. ಬಕ್ಕಲ್ ಬಿಚ್ಚಿದೆ.

ನೀಲಿ ಬಾಗಿಲು

ಬೀದಿಯ ತುದಿಯಲ್ಲಿ ಕಲ್ಲಿನ ಮನೆ, ನೀಲಿ ಬಾಗಿಲು, ಮುಂದೆ ಮೂರು ಮೆಟ್ಟಿಲು. ನಿವೃತ್ತಿಯಾದ ಮೇಲೆ ಇದೇ ಮೊದಲ ಬಟವಾಡೆ. ಶರ್ಟು ಸರಿಮಾಡಿಕೊಂಡೆ. ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ, ಮುದ್ದೆಯೂ ಉಗುರು ಸದ್ದು ಮಾಡುತ್ತ ಹತ್ತಿತು.

ನಾನು ಬಾಗಿಲು ಬಡಿಯಲೇ ಇಲ್ಲ. ಅಷ್ಟರಲ್ಲೇ ಒಳಗಿನಿಂದ ಯಾರೋ ಏನನ್ನೋ ಎಡವಿಕೊಂಡು ಬಂದ ಹಾಗೆ ಸದ್ದಾಗಿ ಬಾಗಿಲು ತೆರೆಯಿತು. ಉದ್ದನೆಯ ಮುದುಕರೊಬ್ಬರು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮುಖದ ತುಂಬ ನಗು. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದರು. ಮುದ್ದೆಯನ್ನು ನೋಡಿದರು. ಆಮೇಲೆ ನನ್ನ ಕೈಯನ್ನು ನೋಡಿದರು.

"ನಿಮ್ಮ ನಾಯಿಯ ಬೆಲ್ಟ್ ಸರ್. ಕಾಡಿನಲ್ಲಿ ಸಿಕ್ಕಿತು" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿ, ರಿಜಿಸ್ಟರ್ ಕಾಗದ ಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟೆ.

ಅವರು ತಗೊಂಡರು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಥ್ಯಾಂಕ್ಯೂ ಎಂದು ಮೆಲ್ಲಗೆ ಅಂದು ಬಾಗಿಲು ಹಾಕಿಕೊಂಡರು. ಸಂತೋಷ ತಡೆಯಲಾಗಲಿಲ್ಲ ಪಾಪ, ಅಂದುಕೊಂಡು ನಾನು ಎದೆ ಸೆಟೆಸಿಕೊಂಡು ಮನೆಗೆ ಹೋದೆ.

ತಂಗಿಯ ಅಡುಗೆಮನೆ

ಸಾವಿತ್ರಿ ಹುರುಳಿಕಾಳು ಸಾರು ಮಾಡಿದ್ದಳು. ಚೀಲದಿಂದ ಗವಸು, ಶೂ, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕೊರಳಪಟ್ಟಿ ತಲುಪಿಸಿದ ಕಥೆ ಹೇಳಿದೆ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಯಾವ್ ಮರದಲ್ಲಿತ್ತಣ್ಣಯ್ಯ?"

"ಮ್ಯಾಗಡೆ ತಿರುವ್ನಲ್ಲಿ. ಎಲ್ಡ್ ಕವಲಿಂದು."

"ಅಯ್ಯಯ್ಯೋ! ಏನ್ ಮಾಡ್ಬುಟ್ಟೆ ಅಣ್ಣಯ್ಯ!" ಊರುಗೋಲು ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ಕುಸಿದಳು. "ಅದು ಕಳ್ದೋಗಿದ್ದಲ್ಲ ಕಣೋ. ಆರ್ಥರ್ ಅಂತ ಅವ್ರು. ನೆಲ್ ಸತ್ತು ಆರ್ ತಿಂಗ್ಳಾಯ್ತು. ಅದಕ್ಕೆ ಆ ಜಾಗ ಅಂದ್ರೆ ಪ್ರಾಣ. ಅದಕ್ಕೇ ಅಲ್ಲಿ ಕಟ್ಟಿದ್ರು. ನಾನೇ ಜತೇಲಿದ್ದೆ. ಕೋಲೂರ್ಕೊಂಡು, ನಿಂತು ನಿಂತು ಹತ್ತಿದ್ರು. ಆಮ್ಯಾಕೆ ಮಂಡಿ ಪೂರ್ತಿ ಹೋಯ್ತು, ಅವ್ರು ಮತ್ತೆ ಮ್ಯಾಕೆ ಹತ್ತೇ ಇಲ್ಲ."

"ಒಂದ್ ಚೀಟಿನಾರ ಬರ್ದು ಅಂಟಿಸ್ಬಾರ್ದಾಗಿತ್ತಾ?" ಎಂದು ರೇಗಿದೆ. ರೇಗಿದ್ದು ಅವಳ ಮೇಲಲ್ಲ.

"ಇಲ್ಲಿ ಎಲ್ಲಾರ್ಗೂ ಗೊತ್ತು ಅಣ್ಣಯ್ಯ. ಯಾರೂ ಮುಟ್ಟಕಿಲ್ಲ."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಮೂವತ್ತೊಂದು ವರ್ಷ ಸಾವಿನ ಸುದ್ದಿಯ ತಂತಿ, ಕಾಗದ ಎಷ್ಟೋ ಕೊಟ್ಟಿದ್ದೇನೆ. ಆಗೆಲ್ಲ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಂದು ಮಾತಾಡಿ ಬರುತ್ತಿದ್ದೆ. ಇಲ್ಲಿ ಕೊಟ್ಟಿದ್ದೇನು ಅಂತಲೇ ತಿಳಿಯದೆ ನಗುತ್ತ ಕೊಟ್ಟು ಬಂದಿದ್ದೆ. ಸಾಯುವಷ್ಟು ನಾಚಿಕೆಯಾಯಿತು. ಊರಿಗೆ ಹೊರಡಲು ಇನ್ನು ಎಂಟು ದಿನ ಇತ್ತು. ಅಷ್ಟರೊಳಗೆ ಆ ಪಟ್ಟಿ ಮತ್ತೆ ಆ ಕೊಂಬೆಗೆ ಹೋಗದಿದ್ದರೆ ನನಗೆ ವಿಮಾನ ಹತ್ತಲು ಕಾಲು ಬರುತ್ತಿರಲಿಲ್ಲ.

"ನಾನ್ ಫೋನ್ ಮಾಡಿ ಹೇಳ್ತೀನಿ ಬುಡು" ಎಂದಳು ಸಾವಿತ್ರಿ.

"ಬ್ಯಾಡ. ಬಟವಾಡೆ ಮಾಡ್ದೋನು ನಾನು. ನಾನೇ ಹೋಯ್ತೀನಿ."

ಮತ್ತೆ ನೀಲಿ ಬಾಗಿಲು

ಮಾರನೇ ದಿನ ಬೆಳಿಗ್ಗೆ ಮೊದಲು ಕಾಡಿಗೆ ಹೋಗಿ ಗವಸನ್ನು ಅದರ ಗೂಟಕ್ಕೆ, ಶೂವನ್ನು ಅದರ ಕೊಂಬೆಗೆ, ಟೋಪಿಯನ್ನು ಅದರ ಬೇಲಿಗೆ ಸೇರಿಸಿದೆ. ಗವಸು ತೊಡಿಸಿ ಎರಡು ಹೆಜ್ಜೆ ಇಟ್ಟಿಲ್ಲ, ಕೆಂಪು ಟೋಪಿಯ ಹೆಂಗಸು ಬಂದು, "ಅರೆ, ನಿನ್ನೆ ಇಲ್ಲೆಲ್ಲ ಹುಡುಕಿದ್ದೆ, ಇರಲಿಲ್ಲ!" ಎಂದು ಅದನ್ನು ಕೈಗೆ ಹಾಕಿಕೊಂಡರು. ಗೂಟವೇ ಅವರ ಪೋಸ್ಟಾಫೀಸು ಎಂದು ಆಗ ನನ್ನ ತಲೆಗೆ ಹೋಯಿತು. ಬೇಗಬೇಗ ಅಲ್ಲಿಂದ ಜಾರಿಕೊಂಡೆ.

ಆಮೇಲೆ ನೀಲಿ ಬಾಗಿಲು. ಈ ಸಲ ತಾನಾಗಿ ತೆರೆಯಲಿಲ್ಲ. ಬಡಿದೆ. ಬಹಳ ಹೊತ್ತು ನಿಂತೆ. ವಾಪಸ್ಸು ಹೋಗೋಣ ಅಂದುಕೊಳ್ಳುವಾಗ ಬಾಗಿಲು ತೆರೆಯಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ, ಸಾರಿ ಎಂಬ ಒಂದೇ ಮಾತು ಉಳಿದಿತ್ತು. ಅದನ್ನೇ ನಾಲ್ಕು ಸಲ ಹೇಳಿದೆ. ನಾನು ಪೋಸ್ಟ್‌ಮ್ಯಾನ್, ವಿಳಾಸ ನೋಡಿದೆ, ಅದಕ್ಕೇ ತಂದೆ ಎಂದೆ.

"ಪೋಸ್ಟ್‌ಮ್ಯಾನಾ?" ಎಂದರು ಆರ್ಥರ್. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಳಗೆ ಕರೆದು ಟೀ ಮಾಡಿಕೊಟ್ಟರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಅವರ ಇಂಗ್ಲಿಷು ಅರ್ಧ ಬಾಯೊಳಗೇ ಉಳಿಯುವಂಥದ್ದು. ನೆಲ್ ಹದಿನಾಲ್ಕು ವರ್ಷ ಅವರ ಜೊತೆಗಿದ್ದ ನಾಯಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ನೆಲ್ ಹೊರಗೆ ಓಡಾಡಿಕೊಂಡು ಬಂದರೆ ಆ ಮೂರು ಮೆಟ್ಟಿಲಿನ ಮೇಲೆ ಅದರ ಉಗುರಿನ ಸದ್ದು, ಕೊರಳ ಬಿಲ್ಲೆಯ ಸದ್ದು. ಇವರು ಎದ್ದು ಬಾಗಿಲು ತೆಗೆಯುತ್ತಿದ್ದರು.

"ನಿನ್ನೆ ಅದೇ ಸದ್ದು ಕೇಳಿಸಿತು" ಎಂದರು. "ಉಗುರಿನದು, ಬಿಲ್ಲೆಯದು. ಎದ್ದುಬಿಟ್ಟೆ. ಒಂದು ಗಳಿಗೆ, ಒಂದೇ ಗಳಿಗೆ, ಅವಳೇ ಬಂದಳು ಅಂದುಕೊಂಡೆ."

ನನಗೆ ಕಣ್ಣಲ್ಲಿ ನೀರು ಬಂತು. ಮುಚ್ಚಿಕೊಳ್ಳಲು ಹೋಗಲಿಲ್ಲ.

ಪಟ್ಟಿ ಅವರ ಕುರ್ಚಿಯ ಪಕ್ಕದ ಸಣ್ಣ ಮೇಜಿನ ಮೇಲಿತ್ತು. ಚರ್ಮಕ್ಕೆ ಎಣ್ಣೆ ಸವರಿದ್ದರು. "ಕೊಡಿ ಸರ್, ಇವತ್ತೇ ಹೋಗಿ ಕಟ್ಟಿ ಬರುತ್ತೇನೆ" ಎಂದೆ. ಅವರು ಅದರ ಮೇಲೆ ಕೈಯಿಟ್ಟರು.

"ಈಗ ಮನೆಗೆ ಬಂದಿದ್ದಾಳಲ್ಲ, ಒಂದೆರಡು ದಿನ ಇರಲಿ."

ಆಗಲಿ ಎಂದೆ. ಹೊರಡುವಾಗ ಬಾಗಿಲವರೆಗೆ ಬಂದು, "ಮೇಲೆ ಬ್ಲೂಬೆಲ್ ಬಂದಿದೆಯಾ?" ಎಂದು ಕೇಳಿದರು. ಬಂದಿದೆ ಎಂದೆ. ಎಲ್ಲಿಯವರೆಗೆ, ಎಷ್ಟು, ಬೇಲಿಯ ಆಚೆಗೂ ಹಬ್ಬಿದೆಯಾ ಎಂದು ಒಂದೊಂದಾಗಿ ವಿಚಾರಿಸಿದರು. ನನಗೆ ಅಷ್ಟು ಗಮನಿಸಲು ಗೊತ್ತಿರಲಿಲ್ಲ. ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ.

ದಿನದ ಬಟವಾಡೆ

ಹೀಗೆ ನನಗೆ ಮತ್ತೆ ಪೋಸ್ಟ್‌ಮ್ಯಾನ್ ಕೆಲಸ ಸಿಕ್ಕಿತು. ಬೆಳಿಗ್ಗೆ ಮುದ್ದೆಯ ಜೊತೆ ಮೇಲಿನ ತಿರುವಿನವರೆಗೆ ಹೋಗುವುದು, ಕಂಡದ್ದನ್ನೆಲ್ಲ ತುಂಬಿಕೊಂಡು ಬಂದು ನೀಲಿ ಬಾಗಿಲಿನಲ್ಲಿ ಇಳಿಸುವುದು. ಬೇಲಿಯಾಚೆಗೂ ಹೂ ಬಂದಿದೆ. ಮರಕುಟಿಗ ಮೂರನೇ ಮರದಲ್ಲಿ ತೂತು ಕೊರೆಯುತ್ತಿದೆ. ಕೆಳಗಿನ ಹಲಗೆ ಸೇತುವೆ ಒಂದು ಕಡೆ ಕುಸಿದಿತ್ತು, ಇಬ್ಬರು ಬಂದು ಸರಿಮಾಡಿದರು, ಸಂಬಳಕ್ಕಲ್ಲ, ಅವರೂ ನಾಯಿ ತಿರುಗಿಸುವವರೇ. ಆರ್ಥರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುವೆ, "ಆ ಸೇತುವೆಯ ಬಲಗಡೆ ನೀರು ಹರಿಯುತ್ತಿದೆಯಾ?" ಎಂದು ಕೇಳಿದರೆ ನಾನು ಹೌದೋ ಅಲ್ಲವೋ ಹೇಳಬೇಕು. ಕಾಗದ ಓದಲು ಬಾರದವರ ಮನೆಯ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದ ಕಾಲ ನೆನಪಾಯಿತು.

ಒಂದು ದಿನ ಅವರು ನಮ್ಮ ಕಡೆಯ ನಾಯಿಗಳ ವಿಚಾರ ಕೇಳಿದರು. ಕಚ್ಚಿಸಿಕೊಂಡ ಮೂರೂ ಕಥೆ ಹೇಳಿದೆ, ಹದಿನಾಲ್ಕು ಇಂಜೆಕ್ಷನ್ ಚುಚ್ಚಿದ ಜಾಗವನ್ನೂ ಅಂಗಿ ಎತ್ತಿ ತೋರಿಸಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. ನಕ್ಕು, "ನಮ್ಮ ಪೋಸ್ಟ್‌ಮ್ಯಾನ್ ಬಂದರೆ ನೆಲ್ ಕೂಡ ಸುಮ್ಮನಿರುತ್ತಿರಲಿಲ್ಲ" ಎಂದರು. ಎಲ್ಲ ಕಡೆಯೂ ಅದೇ ಜಾತಿ ಅಂದೆ.

ಆದರೆ ಒಂದು ಕೆಲಸ ನಾನು ಒಂದು ದಿನವೂ ತಪ್ಪಿಸಲಿಲ್ಲ. ಅವರ ಗೇಟಿನ ಹತ್ತಿರ ಬಂದೊಡನೆ ಬಗ್ಗಿ ಮುದ್ದೆಯ ಎರಡೂ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಸದ್ದಾಗಬಾರದು. ಬೆನ್ನು ಬಗ್ಗಿಸಿಕೊಂಡೇ ಮೂರು ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದೆ. ಉಗುರಿನ ಸದ್ದಿಗೆ ಏನೂ ಮಾಡಲಾಗುತ್ತಿರಲಿಲ್ಲ. ಮುದ್ದೆ ನನ್ನ ಮುಖ ನೋಡಿ, ನಾನು ಹೇಳಿದಂತೆ ನಿಧಾನ ಹತ್ತುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮಿಬ್ಬರಲ್ಲಿ ಒಬ್ಬರ ರೀತಿ ಇನ್ನೊಬ್ಬರಿಗೆ ಗೊತ್ತಾಗಿತ್ತು. ಕೈಯಲ್ಲಿ ಹುಣಸೆ ಬರಲು ಹಿಡಿಯದೆ ನಾಯಿಯ ಜೊತೆ ನಡೆಯುವುದು ಅಷ್ಟು ಸುಖವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಒಂದೆರಡು ದಿನ ಹೋಗಿ ಐದಾಯಿತು, ಆರಾಯಿತು. ಪಟ್ಟಿ ಮೇಜಿನ ಮೇಲೇ ಇತ್ತು. ನಾನು ಕೇಳಲಿಲ್ಲ. ಮನೆಗೆ ಬಂದ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಿದ ಹಾಗಾಗುತ್ತದೆ ಎಂದು ಸುಮ್ಮನಿದ್ದೆ. ಸಾವಿತ್ರಿ ಮಾತ್ರ ದಿನಾ ಸಂಜೆ, "ಕೊಟ್ರಾ?" ಅನ್ನುತ್ತಿದ್ದಳು. "ಇಲ್ಲ ಕಣವ್ವ." "ನೀನ್ ನಾಳಿದ್ದು ಹೊಂಟೋಗ್ತಿಯಲ್ಲ, ಆಮ್ಯಾಕೆ?" ಅವಳ ಕಾಲು ಆ ಏರು ಹತ್ತಲು ಇನ್ನೂ ತಿಂಗಳುಗಳು ಬೇಕಿತ್ತು. ಅದು ನನಗೂ ಗೊತ್ತಿತ್ತು.

ಕೊನೆಯ ದಿನ

ಹೊರಡುವ ದಿನ ಬೆಳಿಗ್ಗೆ ಎಂದಿಗಿಂತ ಬೇಗ ಹೋದೆ. ಆರ್ಥರ್ ಕೋಟು ಹಾಕಿಕೊಂಡು ಕೂತಿದ್ದರು. ನನ್ನ ಜೊತೆ ಹೊರಟೇಬಿಡುವವರ ಹಾಗೆ ಗೇಟಿನವರೆಗೆ ಬಂದರು. ಅಲ್ಲಿ ನಿಂತು ಬೆಟ್ಟದ ಕಡೆ ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ಪಟ್ಟಿ ತೆಗೆದರು.

"ಎಲ್ಲ ಬೀಚ್ ಮರಗಳೂ ಒಂದೇ ಥರ ಕಾಣುತ್ತವೆ" ಎಂದರು. "ಅದೇ ಮರ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?"

"ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಳ್ಳಿಗಳಲ್ಲಿ ಮನೆ ನಂಬರೇ ಇರಲಿಲ್ಲ ಸರ್. ಒಂದೇ ಹೆಸರಿನವರು ಒಂದೇ ಬೀದಿಯಲ್ಲಿ ಏಳು ಜನ ಇರುತ್ತಿದ್ದರು" ಎಂದೆ. ಅವರು ನಕ್ಕು ಪಟ್ಟಿಯನ್ನು ಕೊಟ್ಟರು, ಎರಡು ಕೈಯಲ್ಲಿ.

ಬೇಲಿ ದಾಟಿ, ಸೇತುವೆ ದಾಟಿ, ಮರಕುಟಿಗನ ಮರ ದಾಟಿ ಹತ್ತಿದೆ. ನೀಲಿ ಹೂವು ಬಾಡತೊಡಗಿತ್ತು. ಎರಡು ಕವಲಿನ ಮರ, ಎಡಗವಲು, ಎದೆಯೆತ್ತರದ ಕೊಂಬೆ. ತೊಗಟೆಯ ಮೇಲೆ ಪಟ್ಟಿ ಉಜ್ಜಿ ನಯವಾಗಿದ್ದ ಗುರುತು ಇನ್ನೂ ಹಾಗೇ ಇತ್ತು. ಅದರ ಮೇಲೆಯೇ ಬಳಸಿ, ಅದೇ ತೂತಿಗೆ ಬಕ್ಕಲ್ ಹಾಕಿದೆ. ಬಿಲ್ಲೆಯ ಮೇಲಿನ ಹೆಸರು ದಾರಿಯ ಕಡೆಗೆ ಬರುವಂತೆ ತಿರುಗಿಸಿದೆ. ಮುದ್ದೆ ಹಿಂಗಾಲ ಮೇಲೆ ನಿಂತು ಅದನ್ನು ಮೂಸಿತು. ನಾನು ಒಂದು ಗಳಿಗೆ ನಿಂತೆ. ನಮ್ಮ ಕಡೆ ಮಣ್ಣು ಕೊಟ್ಟು ಬರುವಾಗ ನಿಲ್ಲುವುದಿಲ್ಲವೇ, ಹಾಗೆ.

ಇಳಿದು ಬಂದಾಗ ನೀಲಿ ಬಾಗಿಲು ತೆರೆದೇ ಇತ್ತು. ಆರ್ಥರ್ ಮೇಲಿನ ಮೆಟ್ಟಿಲಿನಲ್ಲಿ ಕೋಲು ಊರಿಕೊಂಡು ನಿಂತಿದ್ದರು, ಇನ್ನೂ ಕೋಟಿನಲ್ಲೇ. ನಾನು ಅಭ್ಯಾಸದಂತೆ ಗೇಟಿನ ಹತ್ತಿರ ಬಗ್ಗಿ ಮುದ್ದೆಯ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ದಿನಾ ಹಾಗೆ ಹಿಡಿದುಕೊಂಡು ಬರುತ್ತಿದ್ದೀರಿ, ಕಿಟಕಿಯಿಂದ ನೋಡಿದ್ದೇನೆ" ಎಂದರು.

ಬಗ್ಗಿದವನು ಬಗ್ಗಿಯೇ ಇದ್ದೆ.

"ಅವಳು ಮೇಲೆ ಇದ್ದಾಳೆ ತಾನೆ?"

"ಇದ್ದಾಳೆ ಸರ್. ಅದೇ ಕೊಂಬೆ."

"ಹಾಗಾದರೆ ಈಗ ಬರುತ್ತಿರುವುದು ಮುದ್ದೆ ಅಂತ ನನಗೆ ಗೊತ್ತು" ಎಂದರು. "ಬಿಡಿ. ಸದ್ದಾಗಲಿ."

ಮುಷ್ಟಿ ಬಿಟ್ಟೆ. ಮುದ್ದೆ ಟಿಣ್ ಟಿಣ್ ಅನ್ನುತ್ತ ಮೂರು ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿ, ಅವರ ಪಕ್ಕದಿಂದ ಮನೆಯೊಳಗೆ ಓಡಿತು.